ಬಲೆಯೂ ನೇಗಿಲೂ

ಅಹಿಂಸಾಣುವ್ರತದ ಸ್ವರೂಪವನ್ನು ತಿಳಿಸುವಲ್ಲಿ ಪೂರ್ವಾಚಾರ್ಯರು ಬೆಸ್ತನನ್ನೂ ಒಕ್ಕಲಿಗನನ್ನೂ ಎದುರುಬದುರಾಗಿ ನಿಲ್ಲಿಸಿದ್ದಾರೆ. ಸೋಮದೇವಸೂರಿಗಳು ಕ್ರಿ.ಶ. 959ರಲ್ಲಿ ರಚಿಸಿ ಮುಗಿಸಿದ ಯಶಸ್ತಿಲಕ ಚಂಪುವಿನ ಕಡೆಯ ಮೂರು ಆಶ್ವಾಸಗಳು ಉಪಾಸಕಾಧ್ಯಯನವೆಂದು ಪ್ರಸಿದ್ಧವಾಗಿವೆ. ಅಲ್ಲಿ ಬರುವ ವಿಚಾರದ ತಾತ್ಪರ್ಯ ಇಷ್ಟು: ಬಲೆ ಬೀಸಿ ಕುಳಿತ ಬೆಸ್ತನಿಗೆ ದಿನವಿಡೀ ಒಂದು ಮೀನೂ ಸಿಕ್ಕದಿದ್ದರೂ ಅವನಿಗೆ ಪಾಪಬಂಧವುಂಟು, ನೇಗಿಲ ಮೊನೆಗೆ ಸಿಕ್ಕಿ ಎಷ್ಟೋ ಜೀವಗಳು ಅಳಿದರೂ ಒಕ್ಕಲಿಗನು ಅಂತಹ ಪಾಪಕ್ಕೆ ಭಾಗಿಯಲ್ಲ. ಒಬ್ಬನ ಚಿತ್ತವು ಕೊಲ್ಲುವುದರಲ್ಲಿ ನೆಟ್ಟಿದೆ, ಇನ್ನೊಬ್ಬನದು ಬೆಳೆಯುವುದರಲ್ಲಿ. ಭೇದವಿರುವುದು ಅಭಿಪ್ರಾಯದಲ್ಲಿ.

ಈ ವಿಚಾರವು ಸಾವಿರ ವರ್ಷಗಳಿಂದ ಶ್ರಾವಕ ಸಮಾಜಕ್ಕೆ ಆಧಾರವಾಗಿದೆ. ಬೇಸಾಯವಿಲ್ಲದಿದ್ದರೆ ಗೃಹಸ್ಥನ ಅನ್ನವೂ ಇಲ್ಲ, ಮುನಿಗಳಿಗೆ ಆಹಾರದಾನವೂ ಇಲ್ಲ. ಸಂಕಲ್ಪೀ ಹಿಂಸೆಯನ್ನು ಪೂರ್ಣವಾಗಿ ಬಿಡಬೇಕು, ಆರಂಭೀ, ಉದ್ಯೋಗೀ, ವಿರೋಧೀ ಹಿಂಸೆಗಳನ್ನು ಶಕ್ತ್ಯನುಸಾರ ಕಡಿಮೆ ಮಾಡಬೇಕು ಎಂಬ ವಿಭಾಗವೂ ಇದೇ ತಳಹದಿಯ ಮೇಲೆ ನಿಂತಿದೆ. ಆದರೆ ಆಧಾರಕ್ಕೆಂದು ನಿಲ್ಲಿಸಿದ ಗೋಡೆಯೇ ಕಾಲಕ್ರಮದಲ್ಲಿ ಮರೆಯಾಗಿ ನಿಲ್ಲುವುದುಂಟು. ಬೆಸ್ತನನ್ನು ಪಾಪಿಯೆಂದು ತೋರಿಸಿದ ಮಾತ್ರಕ್ಕೆ ಹೊಲದ ಒಡೆಯನ ವಿಚಾರಣೆ ಮುಗಿಯಿತೇ?

ಕೊಪ್ಪಳ ಸೀಮೆಯಲ್ಲಿ ಇದು ಕೇವಲ ಪುಸ್ತಕದ ಪ್ರಶ್ನೆಯಲ್ಲ. 1953ರಲ್ಲಿ ಮುನಿರಾಬಾದಿನ ಬಳಿ ತುಂಗಭದ್ರೆಗೆ ಅಣೆಕಟ್ಟು ಪೂರ್ಣಗೊಂಡು, ಸುಮಾರು 378 ಚದರ ಕಿಲೋಮೀಟರ್ ವಿಸ್ತಾರದ ಜಲಾಶಯ ಹುಟ್ಟಿತು. ಎಡದಂಡೆ ಕಾಲುವೆಯ ನೀರು ಗಂಗಾವತಿ ಕಡೆಯ ನೆಲವನ್ನು ಭತ್ತದ ಗದ್ದೆಯಾಗಿಸಿತು. ಅದೇ ನೀರು ಕಾಟ್ಲಾ, ರೋಹು, ಮೃಗಾಲ್ ಜಾತಿಯ ಮೀನುಗಳಿಗೆ ಮನೆಯಾಯಿತು. ಹಿನ್ನೀರಿನ ದಡದಲ್ಲಿ ಗುಡಿಸಲು ಹಾಕಿಕೊಂಡು, ಹರಿಗೋಲಿನಲ್ಲಿ ಸಾಗಿ ಬಲೆ ಬೀಸುವ ಕುಟುಂಬಗಳಲ್ಲಿ ಅನೇಕವು ಮುಂಗಡ ಹಣ ಕೊಟ್ಟವನ ಋಣದಲ್ಲಿಯೇ ವರ್ಷ ಕಳೆಯುತ್ತವೆ. ಕುಷ್ಟಗಿ, ಯಲಬುರ್ಗಾ ಕಡೆಯಲ್ಲಿ ಮಳೆಯೇ ಗತಿಯಾದುದರಿಂದ ಕೆರೆ ಹಾಗೂ ಕೃಷಿಹೊಂಡಗಳೇ ಜಲಾಶ್ರಯ. ಅಲ್ಲಿಯೂ ನೀರು ನಿಂತ ವರ್ಷ ಮೀನಿನ ಗುತ್ತಿಗೆಯ ಮಾತು ಬರುತ್ತದೆ. ಒಂದೇ ನೀರನ್ನು ನೇಗಿಲೂ ಬಲೆಯೂ ಹಂಚಿಕೊಂಡಿರುವ ಸೀಮೆ ಇದು.

ಗಂಗಾವತಿ ಕಡೆಯ ಒಂದು ಶ್ರಾವಕ ಕುಟುಂಬವನ್ನು ಕಲ್ಪಿಸಿಕೊಳ್ಳಬಹುದು. ಕಾಲುವೆಯ ಕೆಳಗೆ ಭತ್ತದ ಗದ್ದೆ, ಗದ್ದೆಯ ತಗ್ಗಿನ ತುದಿಗೆ ಒಂದು ಹೊಂಡ. ಮನೆಯ ಯಜಮಾನ ಅಷ್ಟಮೂಲಗುಣಗಳನ್ನು ಪಾಲಿಸುವವನು. ಅಷ್ಟಮಿ ಚತುರ್ದಶಿಗಳಂದು ಏಕಾಶನ ತಪ್ಪಿಸಿದವನಲ್ಲ. ಹೊಂಡದಲ್ಲಿ ಮೀನುಮರಿ ಬಿಟ್ಟು ಸಾಕುತ್ತೇನೆ, ವರ್ಷಕ್ಕೆ ಇಂತಿಷ್ಟು ಕೊಡುತ್ತೇನೆಂದು ಒಬ್ಬ ಗುತ್ತಿಗೆದಾರ ಬಂದು ಕೇಳುತ್ತಾನೆ. ಯಜಮಾನ ಎರಡನೆಯ ಮಾತಿಲ್ಲದೆ ನಿರಾಕರಿಸುತ್ತಾನೆ. ಆ ಸಂಜೆ ಹಿರಿಯ ಮಗ ಕೇಳುತ್ತಾನೆ: “ಅಪ್ಪಾ, ಹೋದ ತಿಂಗಳು ಎಣ್ಣೆ ಹೊಡೆಸಿದ ಮರುದಿನ ಇದೇ ಹೊಂಡದಲ್ಲಿ ಮೀನುಗಳು ಹೊಟ್ಟೆ ಮೇಲಾಗಿ ತೇಲಿದವಲ್ಲ, ಆಗ ಬಲೆ ಹಾಕಿದವರು ಯಾರು?” ಎಣ್ಣೆಯೆಂದರೆ ಆ ಕಡೆಯ ರೈತರ ಮಾತಿನಲ್ಲಿ ಕೀಟನಾಶಕ. ತಂದೆಯ ಉತ್ತರ ಸೋಮದೇವಸೂರಿಗಳದೇ: ಮೀನು ಸಾಯಲೆಂದು ಹೊಡೆಸಲಿಲ್ಲ. ಮಗನ ಮರುಮಾತು: ಮೊದಲ ಸಲ ಗೊತ್ತಿರಲಿಲ್ಲ; ಈ ಸಲವೂ ಗೊತ್ತಿಲ್ಲವೆನ್ನಲು ಬರುತ್ತದೆಯೇ?

ನಿರಾಕರಣೆ ಸರಿಯಾದುದೇ. ಕೃತ, ಕಾರಿತ, ಅನುಮೋದನೆ ಎಂಬ ಮೂರು ದ್ವಾರಗಳಲ್ಲಿ ಗುತ್ತಿಗೆಯ ಹಣವು ಎರಡನೆಯದರಿಂದ ಒಳಬರುತ್ತದೆ. ಬಲೆ ಹಿಡಿದವನು ಬೇರೆಯವನಾದರೂ ಹೊಂಡ ಕೊಟ್ಟವನು ಮೀನು ಹೆಚ್ಚಲಿ, ತೂಕ ಬರಲಿ ಎಂದು ಬಯಸತೊಡಗುತ್ತಾನೆ. ಮಹಾಮತ್ಸ್ಯದ ಕಿವಿಯಲ್ಲಿ ವಾಸಿಸಿದ ಶಾಲಿಸಿಕ್ಥವೆಂಬ ಅಕ್ಕಿಕಾಳಿನಷ್ಟು ಮೀನಿನ ಕಥೆಯನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಜೀವವನ್ನೂ ತಿನ್ನಲಾರದ ಆ ಮೀನು, ದೊಡ್ಡ ಮೀನಿನ ಬಾಯೊಳಗೆ ಬಂದು ಹೋಗುವ ಜೀವಗಳನ್ನು ಕಂಡು, ತಾನಾಗಿದ್ದರೆ ಒಂದನ್ನೂ ಬಿಡುತ್ತಿರಲಿಲ್ಲವೆಂದು ಬಯಸಿದ ಮಾತ್ರದಿಂದ ಏಳನೆಯ ನರಕಕ್ಕೆ ಇಳಿಯಿತು.

ಆದರೆ ಮಗನ ಪ್ರಶ್ನೆ ಗುತ್ತಿಗೆಯನ್ನು ಕುರಿತದ್ದಲ್ಲ, ಎಣ್ಣೆಯನ್ನು ಕುರಿತದ್ದು. ಅದಕ್ಕೆ ಬಲೆ ನೇಗಿಲುಗಳ ಭೇದವೊಂದರಿಂದಲೇ ಉತ್ತರ ದೊರೆಯದು. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಹಿಂಸೆಯ ಲಕ್ಷಣವನ್ನು ಹೇಳುವಾಗ ದ್ವೇಷವನ್ನಾಗಲಿ ಕೊಲ್ಲುವ ಬಯಕೆಯನ್ನಾಗಲಿ ಹೆಸರಿಸುವುದಿಲ್ಲ, ಪ್ರಮಾದವನ್ನು ಹೆಸರಿಸುತ್ತದೆ. ಪ್ರಮಾದಯೋಗದಿಂದಾದ ಪ್ರಾಣಹರಣವೇ ಹಿಂಸೆ. ಜೀವವು ಸಾಯಲಿ ಬದುಕಲಿ, ಎಚ್ಚರಗೆಟ್ಟು ನಡೆಯುವವನಿಗೆ ಹಿಂಸೆ ನಿಶ್ಚಿತ, ಎಚ್ಚರದಿಂದ ನಡೆಯುವವನಿಗೆ ಪ್ರಾಣಹರಣ ಮಾತ್ರದಿಂದ ಬಂಧವಿಲ್ಲವೆಂಬುದು ಪ್ರವಚನಸಾರದಲ್ಲಿ ಕುಂದಕುಂದಾಚಾರ್ಯರ ಅಭಿಮತ. ನೆಲ ನೋಡಿ ಅಡಿಯಿಡುವ ಮುನಿಯ ಪಾದದಡಿಗೆ ಹುಳವೊಂದು ತಾನಾಗಿ ಬಂದು ಸತ್ತರೆ ಅವರಿಗೆ ದೋಷವಿಲ್ಲ. ಆದರೆ ಆ ವಿನಾಯಿತಿ ಈರ್ಯಾಸಮಿತಿಯನ್ನು ಪಾಲಿಸಿದವರಿಗೆ ಸಲ್ಲತಕ್ಕದ್ದು. ಆಕಾಶ ನೋಡುತ್ತ ನಡೆದವನು ಅದನ್ನು ಕೇಳುವಂತಿಲ್ಲ. ಒಕ್ಕಲಿಗನಿಗೆ ದೊರೆತ ವಿನಾಯಿತಿಗೂ ಇದೇ ಕಟ್ಟಳೆ. ಮಣ್ಣೊಳಗಿನ ಹುಳವನ್ನು ನೇಗಿಲು ಹಿಡಿದವನು ಕಾಣಲಾರ. ತೇಲುವ ಮೀನು ಕಣ್ಣಿಗೆ ಕಾಣುತ್ತದೆ.

ಹೀಗೆಂದರೆ ಯಾವ ಬೇಸಾಯವೂ ಸಾಧ್ಯವಿಲ್ಲ, ತಿಳಿದಷ್ಟೂ ಪಾಪವೇ ಹೆಚ್ಚುತ್ತದೆ ಎಂದು ಆಕ್ಷೇಪಿಸಬಹುದು. ಇದು ಹಗುರವಾದ ಆಕ್ಷೇಪವಲ್ಲ. ಸಾಲ ಮಾಡಿ ನಾಟಿ ಮಾಡಿದ ಗದ್ದೆಗೆ ಕಂದುಜಿಗಿ ಹುಳು ಬಿದ್ದಾಗ ಕೈಕಟ್ಟಿ ಕೂಡು ಎಂದು ಹೇಳುವವನು ಆ ಮನೆಯ ಹಸಿವಿಗೆ ಉತ್ತರ ಕೊಡಬೇಕಾಗುತ್ತದೆ. ಆದರೆ ಪ್ರಮಾದದ ಮಾತು ಬರುವುದು ಆಗಬಹುದಾದ ಎಚ್ಚರವನ್ನು ಬಿಟ್ಟಲ್ಲಿ. ಔಷಧ ಹೊಡೆದ ಗದ್ದೆಯ ನೀರನ್ನು ಕೆಲವು ದಿನ ಕಟ್ಟಿ ನಿಲ್ಲಿಸಬಹುದು. ಅದನ್ನು ಅಂದೇ ಹಳ್ಳಕ್ಕೆ ಬಿಡುವುದು ವಾಡಿಕೆಯಾಗಿದೆ. ಸಿಂಪಡಿಸಿದ ಡಬ್ಬಿಯನ್ನು ಹೊಲದ ಬದುವಿನ ಮೇಲೆ ತೊಳೆಯಬಹುದು, ತೊಳೆಯುವುದು ಕಾಲುವೆಯಲ್ಲಿ. ಎಂಡೋಸಲ್ಫಾನ್ ಮೀನುಗಳಿಗೆ ಘೋರ ವಿಷವೆಂಬುದು ವಿಜ್ಞಾನಿಗಳಿಗೆ ಮೊದಲೇ ಗೊತ್ತಿದ್ದ ವಿಷಯ. ಆದರೂ ಕಾಸರಗೋಡು, ದಕ್ಷಿಣ ಕನ್ನಡಗಳ ಮನುಷ್ಯರ ಸಂಕಟ ಜಗತ್ತಿಗೆಲ್ಲ ತಿಳಿದ ಬಳಿಕವೇ, 2011ರಲ್ಲಿ, ಸರ್ವೋಚ್ಚ ನ್ಯಾಯಾಲಯದ ಆಜ್ಞೆಯಿಂದ ಅದು ನಿಂತಿತು. 1980ರ ದಶಕದಲ್ಲಿ ಹರಿಹರದ ಕೆಳಗೆ ಕಾರ್ಖಾನೆಯ ತ್ಯಾಜ್ಯದಿಂದ ತುಂಗಭದ್ರೆಯ ಮೀನುಗಳು ಸತ್ತಾಗಲೂ ಯಾರೊಬ್ಬರೂ ಬಲೆ ಬೀಸಿರಲಿಲ್ಲ, ಯಾರಿಗೂ ಮೀನು ಕೊಲ್ಲುವ ಸಂಕಲ್ಪವಿರಲಿಲ್ಲ. ಮೊದಲು ನಷ್ಟ ಅನುಭವಿಸಿದವನು ಬೆಸ್ತನೇ.

ಶ್ರಾವಕನ ಮನೆಯ ಅಡಿಗೆಮನೆಗೆ ಈ ಎಚ್ಚರ ಹೊಸದಲ್ಲ. ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಜೀವಗಳನ್ನು ಯಾವ ಬಾವಿಯ ನೀರೋ ಅದೇ ಬಾವಿಗೆ ಮರಳಿಸುವುದು ಹಿಂದಿನ ಮುತ್ತೈದೆಯರ ನಿತ್ಯಕರ್ಮವಾಗಿತ್ತು. ಸೋಸುವುದಕ್ಕಿಂತ ಮರಳಿಸುವುದರಲ್ಲಿಯೇ ಹೆಚ್ಚಿನ ದಯೆಯಿತ್ತು. ನಲ್ಲಿ ಬಂದ ಮೇಲೆ ಬಟ್ಟೆ ಉಳಿದಿದೆ, ಮರಳಿಸುವ ಜಾಗ ಹೋಗಿದೆ. ಕಣ್ಣಿಗೆ ಕಾಣದ ಜೀವಕ್ಕೆ ಇಷ್ಟು ಉಪಚಾರ ಮಾಡಿದ ಮನೆಗೆ ಹೊಂಡದ ಮೀನು ಕಾಣದೆ ಹೋಗುವುದು ವಿಚಿತ್ರವೇ ಸರಿ. ಹದಿನೆಂಟನೆಯ ತೀರ್ಥಂಕರ ಅರನಾಥ ಸ್ವಾಮಿಗೆ ದಿಗಂಬರಾಮ್ನಾಯದಲ್ಲಿ ಮೀನೇ ಲಾಂಛನ.

ಕೊಪಣದ ನೆಲದಲ್ಲಿ ಈ ದಯೆಗೆ ಇನ್ನೂ ಹಳೆಯ ನೆನಪುಂಟು. ಗವಿಮಠದ ಬೆಟ್ಟದಲ್ಲಿಯೂ ಪಲ್ಲಕ್ಕಿಗುಂಡಿನಲ್ಲಿಯೂ ಇರುವ ಅಶೋಕನ ಶಾಸನಗಳು 1931ರಲ್ಲಿ ಬೆಳಕಿಗೆ ಬಂದವು. ಜಟಾಸಿಂಹನಂದ್ಯಾಚಾರ್ಯರ ಪಾದಗಳನ್ನು ಚಾವಯ್ಯನೆಂಬ ಭಕ್ತನು ಕೊರೆಯಿಸಿದ್ದೂ ಅದೇ ಪಲ್ಲಕ್ಕಿಗುಂಡಿನ ಮೇಲೆ. ಮೀನಿನ ಮಾತು ಇಲ್ಲಿಯ ಬಂಡೆಗಳಲ್ಲಿ ಇಲ್ಲ. ಅದೇ ಚಕ್ರವರ್ತಿಯ ಐದನೆಯ ಸ್ತಂಭಶಾಸನದಲ್ಲಿದೆ. ಪಟ್ಟವಾಗಿ ಇಪ್ಪತ್ತಾರು ವರ್ಷಗಳಾದ ಮೇಲೆ ಹೊರಡಿಸಿದ ಆ ಶಾಸನದಲ್ಲಿ, ಮೂರು ಚಾತುರ್ಮಾಸಿ ಹುಣ್ಣಿಮೆಗಳಂದೂ ತಿಷ್ಯ ಹುಣ್ಣಿಮೆಯಂದೂ, ಚತುರ್ದಶಿಯಿಂದ ಪಾಡ್ಯದವರೆಗೆ ಮೂರು ದಿನ, ಹಾಗೆಯೇ ಉಪವಾಸದ ದಿನಗಳಲ್ಲಿ, ಮೀನನ್ನು ಕೊಲ್ಲಕೂಡದು, ಮಾರಲೂಕೂಡದು ಎಂದಿದೆ. ಆ ಮೂರು ಹುಣ್ಣಿಮೆಗಳನ್ನು ವಿದ್ವಾಂಸರು ಆಷಾಢ, ಕಾರ್ತಿಕ, ಫಾಲ್ಗುಣಗಳವೆಂದು ಗುರುತಿಸುತ್ತಾರೆ. ಅಷ್ಟಾಹ್ನಿಕ ಪರ್ವವು ಮುಗಿಯುವುದೂ ಈ ಮೂರು ಹುಣ್ಣಿಮೆಗಳಂದೇ. ಆಷಾಢದ ಹೊಸ ನೀರಿಗೆ ಮೀನುಗಳು ಪ್ರವಾಹಕ್ಕೆ ಎದುರಾಗಿ ಏರಿ ಮೊಟ್ಟೆಯಿಡುತ್ತವೆ. ಮುನಿಸಂಘವು ಚಾತುರ್ಮಾಸಕ್ಕೆ ಒಂದೆಡೆ ನೆಲೆಗೊಳ್ಳುವುದೂ ನೆಲವೆಲ್ಲ ಜೀವಮಯವಾಗುವ ಆ ಕಾಲದಲ್ಲಿಯೇ. ಚಕ್ರವರ್ತಿಯು ಮೀನುಗಾರಿಕೆಯನ್ನು ನಿರ್ಮೂಲ ಮಾಡಲಿಲ್ಲ, ದಿನಗಳನ್ನು ಗೊತ್ತುಪಡಿಸಿದ. ಪರ್ವದಿನಗಳಂದು ಎಣ್ಣೆ ಹೊಡೆಸುವುದಿಲ್ಲವೆಂಬ ನಿಯಮವನ್ನು ಒಬ್ಬ ಶ್ರಾವಕನು ತೆಗೆದುಕೊಳ್ಳಲು ಇಂದು ಯಾವ ಅರಸನ ಆಜ್ಞೆಯೂ ಬೇಕಿಲ್ಲ.

ಬೆಸ್ತನನ್ನು ಪಾಪಿಯೆಂದ ಸೋಮದೇವಸೂರಿಗಳೇ ಅದೇ ಗ್ರಂಥದಲ್ಲಿ ಅಹಿಂಸಾವ್ರತದ ಮಹಿಮೆಗೆ ಒಬ್ಬ ಬೆಸ್ತನ ಕಥೆಯನ್ನೇ ಆರಿಸಿಕೊಂಡರೆಂಬುದನ್ನು ಮರೆಯುವುದುಂಟು. ಅವಂತಿಯ ಮೃಗಸೇನನು ಬಲೆ ಹೆಗಲಿಗೇರಿಸಿ ನದಿಗೆ ಹೊರಟಾಗ ಯಶೋಧರ ಮುನಿಗಳನ್ನು ಕಂಡು ವಂದಿಸಿ ವ್ರತ ಬೇಡಿದ. ಕಸುಬು ಬಿಡು ಎಂದು ಮುನಿಗಳು ಹೇಳಲಿಲ್ಲ. ಅಂದು ಬಲೆಗೆ ಬೀಳುವ ಮೊದಲ ಮೀನನ್ನು ಬಿಟ್ಟುಬಿಡು ಎಂದರು. ಮೊದಲ ಮೀನು ದೊಡ್ಡದಾಗಿತ್ತು. ಗುರುತಿಗೆ ಬಟ್ಟೆಯ ಚೂರು ಕಟ್ಟಿ ಅದನ್ನು ನೀರಿಗೆ ಬಿಟ್ಟ. ಮತ್ತೆ ಬಲೆಯೆಸೆದರೆ ಅದೇ ಮೀನು ಬಂತು. ಹೀಗೆ ಐದು ಬಾರಿ. ಐದು ಬಾರಿಯೂ ಬಿಟ್ಟು, ಹೊತ್ತು ಮುಳುಗಿದ ಮೇಲೆ ಬರಿಗೈಯಲ್ಲಿ ಮನೆಗೆ ನಡೆದ. ಮುಂದಿನ ಜನ್ಮದಲ್ಲಿ ಅವನು ಧನಕೀರ್ತಿಯಾಗಿ ಐದು ಬಾರಿ ಮರಣದಿಂದ ಪಾರಾದನೆಂಬುದು ಬಸದಿಗಳ ಶಾಸ್ತ್ರಪ್ರವಚನದಲ್ಲಿ ಕೇಳಿಬರುವ ಭಾಗ. ವ್ರತ ಕೊಡುವ ಅಧಿಕಾರವಿದ್ದದ್ದು ಮುನಿಗಳಿಗೆ, ಅವರಿಗೆ ಬೆಸ್ತನಿಂದ ಬರಬೇಕಾದುದು ಏನೂ ಇರಲಿಲ್ಲ. ಅವನಿಗೆ ಸಾಲ ಕೊಟ್ಟು ಬಡ್ಡಿ ಎಣಿಸುವವನು ಅದೇ ಉಪದೇಶ ಮಾಡಿದರೆ ಮಾತಿಗೆ ಆ ತೂಕ ಬಾರದು. ಬಲೆ ಕೊಳ್ಳಲು ಹಣ ಕೊಡುವುದನ್ನು ಹಿಂಸಾದಾನವೆಂದು ಅನರ್ಥದಂಡಗಳಲ್ಲಿ ಎಣಿಸುವ ಶ್ರಾವಕನು, ಅದೇ ಬೆಸ್ತನ ಮಗುವಿನ ಓದಿಗೂ ಔಷಧಕ್ಕೂ ಕೇಳಿದರೆ ಇಲ್ಲವೆನ್ನಲು ಯಾವ ಶಾಸ್ತ್ರವನ್ನು ಮುಂದಿಡುವನು?

ಕಥೆಯಲ್ಲಿ ಪ್ರವಚನಕಾರರು ಬೇಗ ದಾಟಿಹೋಗುವ ಒಂದು ಎಡೆಯಿದೆ. ಬರಿಗೈಯಲ್ಲಿ ಬಂದ ಗಂಡನನ್ನು ಕಂಡು ಹೆಂಡತಿ ಘಂಟೆ ಕದ ಮುಚ್ಚಿದಳು. ಅವನು ಹೊರಗೆ ಒಂದು ಹಳೆಯ ಮರದ ತುಂಡಿಗೆ ತಲೆಯಿಟ್ಟು, ಮುನಿಗಳು ಹೇಳಿಕೊಟ್ಟ ಮಂತ್ರವನ್ನು ನೆನೆಯುತ್ತ ಮಲಗಿದ. ಆ ರಾತ್ರಿ ಹಾವು ಕಚ್ಚಿ ಸತ್ತ. ಬೆಳಗಾದ ಮೇಲೆ ಕದ ತೆರೆದ ಆ ಹೆಂಗಸು ಅವನ ವ್ರತವೇ ತನ್ನ ವ್ರತವೆಂದಳು.