ಕಾಣದವರಿಗೆ ಕೊಟ್ಟ ದಾನವೇ ದೊಡ್ಡ ದಾನ

|| ಶ್ರೀ ಸ್ವಾಮಿ ಪ್ರಸನ್ನ ||



ಬೆಟ್ಟ ಹತ್ತಿ ಬಂದಿದ್ದೀರಿ, ದಣಿವಾಗಿರುತ್ತೆ. ಅರ್ಧ ದಾರಿಯಲ್ಲಿ ಕಲ್ಲುಮಂಟಪದ ನೆರಳಲ್ಲಿ ಕೂತು, ಪಕ್ಕದ ಕಲ್ಯಾಣಿಯ ನೀರನ್ನು ಕಾಲಿಗೆ, ಮುಖಕ್ಕೆ ಹಾಕಿಕೊಂಡು ಬಂದವರೇ ನಿಮ್ಮಲ್ಲಿ ಬಹಳ ಮಂದಿ. ಆ ಕಲ್ಯಾಣಿ ಕಟ್ಟಿಸಿದ ಪುಣ್ಯಾತ್ಮ ಯಾರು ಅಂತ ಕಛೇರಿಯಲ್ಲಿ ಅನೇಕರು ಕೇಳುತ್ತಾರೆ. ಅಲ್ಲಿ ಶಾಸನವಿಲ್ಲ, ಹೆಸರಿಲ್ಲ. ನೀರು ಮಾತ್ರ ಇದೆ. ಕಟ್ಟಿಸಿದವನು ನಿಮ್ಮನ್ನು ನೋಡಿರಲಿಲ್ಲ, ನೀವು ಅವನನ್ನು ನೋಡಿಲ್ಲ. ಆದರೂ ನಿಮ್ಮ ಬಾಯಾರಿಕೆ ಅವನಿಗೆ ಮೊದಲೇ ತಿಳಿದಿತ್ತು. ಈ ಮಾತನ್ನೇ ಹಿಡಿದುಕೊಂಡು ನಾಲ್ಕು ಪುಟ ಬರೆಯುತ್ತಿದ್ದೇನೆ. ನಾನು ಪಂಡಿತನಲ್ಲ. ಪಿಯುಸಿ ಓದಿ, ಮೂವತ್ತು ವರ್ಷದಿಂದ ಇಲ್ಲಿ ರಸೀದಿ ಬರೆಯುತ್ತಿರುವ ಗುಮಾಸ್ತ. ತಪ್ಪಿದ್ದರೆ ಬಲ್ಲವರು ತಿದ್ದಿಕೊಂಡು ಓದಬೇಕು.

ಮೂರು ತಲೆಮಾರಿನ ತಪಸ್ಸು

ಭಗೀರಥನ ಕಥೆ ಎಲ್ಲರಿಗೂ ಗೊತ್ತು. ಆದರೆ ನಾವು ಭಗೀರಥನನ್ನು ಮಾತ್ರ ನೆನೆಯುತ್ತೇವೆ. ಕಪಿಲ ಮುನಿಯ ಕೋಪಕ್ಕೆ ಬೂದಿಯಾದ ಸಗರನ ಮಕ್ಕಳಿಗೆ ಸದ್ಗತಿ ಸಿಗಬೇಕು, ಅದಕ್ಕೆ ಗಂಗೆ ಭೂಮಿಗೆ ಬರಬೇಕು ಅಂತ ಮೊದಲು ತಪಸ್ಸಿಗೆ ಕೂತವನು ಸಗರನ ಮೊಮ್ಮಗ ಅಂಶುಮಂತ. ಗಂಗೆ ಬರಲಿಲ್ಲ, ಅವನ ಆಯುಷ್ಯ ಮುಗಿಯಿತು. ಆಮೇಲೆ ಅವನ ಮಗ ದಿಲೀಪ. ಅವನ ಕಾಲವೂ ಹಾಗೇ ಮುಗಿಯಿತು. ಗಂಗೆ ಇಳಿದು ಬಂದದ್ದು ದಿಲೀಪನ ಮಗ ಭಗೀರಥನ ಕಾಲದಲ್ಲಿ. ಹಾಗಾದರೆ ಮೊದಲಿನ ಇಬ್ಬರ ಶ್ರಮ ವ್ಯರ್ಥವೇ? ಅಲ್ಲ. ಆರಂಭಿಸಿದ ಕೆಲಸವನ್ನು ತಾತ ತಂದೆಗೆ, ತಂದೆ ಮಗನಿಗೆ ದಾಟಿಸಿದ್ದರಿಂದಲೇ ಅದು ಕೈಗೂಡಿತು. ಫಲ ನನ್ನ ಕಣ್ಣೆದುರೇ ಸಿಗಬೇಕು ಅನ್ನುವವನಿಂದ ಗಂಗೆ ತರುವಂಥ ಕೆಲಸ ಆಗುವುದಿಲ್ಲ.

ಭಗವದ್ಗೀತೆಯ ಹದಿನೇಳನೇ ಅಧ್ಯಾಯದಲ್ಲಿ ಶ್ರೀಕೃಷ್ಣ ಪರಮಾತ್ಮ ದಾನವನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾನೆ. ತಿರುಗಿ ಉಪಕಾರ ಮಾಡಲಾರದವನಿಗೆ, ಕೊಡುವುದು ಕರ್ತವ್ಯ ಅಂತ ತಿಳಿದು, ದೇಶ ಕಾಲ ಪಾತ್ರ ನೋಡಿ ಕೊಟ್ಟದ್ದು ಸಾತ್ತ್ವಿಕ ದಾನ. ಪ್ರತಿಫಲಕ್ಕೆ ಆಸೆಪಟ್ಟು, ಒಲ್ಲದ ಮನಸ್ಸಿನಿಂದ ಕೊಟ್ಟದ್ದು ರಾಜಸ. ಅವಮಾನ ಮಾಡಿ, ಅಪಾತ್ರನಿಗೆ ಕೊಟ್ಟದ್ದು ತಾಮಸ. ಈಗ ಯೋಚನೆ ಮಾಡಿ. ತಿರುಗಿ ಉಪಕಾರ ಮಾಡಲಾರದವರು ಯಾರು? ಭಿಕ್ಷುಕನಾದರೂ ಕೈಮುಗಿದು "ನಿಮ್ಮ ಮಕ್ಕಳು ಚೆನ್ನಾಗಿರಲಿ" ಅಂತಾನೆ. ಇನ್ನೂ ಹುಟ್ಟದ ಮಗು ಕೈಮುಗಿಯುವುದಿಲ್ಲ, ಹೊಗಳುವುದಿಲ್ಲ, ಓಟು ಹಾಕುವುದಿಲ್ಲ. ಆ ಮಗುವಿಗೋಸ್ಕರ ಇವತ್ತು ತೆಗೆದಿಟ್ಟದ್ದೇ ಸಾತ್ತ್ವಿಕ ದಾನದಲ್ಲಿ ಸಾತ್ತ್ವಿಕ ದಾನ.

ಕೊಟ್ಟವರು ಕಣ್ಣಾರೆ ನೋಡಲಿಲ್ಲ

ಸಾವಿರ ವರ್ಷದ ಹಿಂದೆ ನಮ್ಮ ನಾಡಿನಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಇದ್ದಳು. ಆಗ ಅಚ್ಚಿನ ಯಂತ್ರವಿಲ್ಲ. ಓಲೆಗರಿ ಹಾಳಾದರೆ ಪುಸ್ತಕವೇ ಹೋಯಿತು. ಆ ತಾಯಿ ಪೊನ್ನ ಕವಿಯ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿಸಿದಳು. ಒಂದು ಪ್ರತಿ ಕಳೆದರೂ ಇನ್ನೊಂದು ಉಳಿಯಲಿ, ಮುಂದಿನವರು ಓದಲಿ ಅನ್ನುವ ದೂರದೃಷ್ಟಿ ಅದು.

ಹತ್ತಿರದ ಕಾಲಕ್ಕೆ ಬರೋಣ. ಬೆಂಗಳೂರಿನಲ್ಲಿ ಜನ ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಅಂತ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆ ಇದೆಯಲ್ಲ, ಅದಕ್ಕಾಗಿ ಜಮ್‌ಶೆಟ್‌ಜಿ ಟಾಟಾ ಅವರು 1898ರಲ್ಲೇ ತಮ್ಮ ಸ್ವಂತ ಆಸ್ತಿಯ ಭಾಗವನ್ನು ಮೀಸಲಿಟ್ಟರು. 1904ರಲ್ಲಿ ತೀರಿಕೊಂಡರು. ಸಂಸ್ಥೆ ಸ್ಥಾಪನೆಯಾದದ್ದು 1909ರಲ್ಲಿ. ಮೈಸೂರು ಅರಸರು 371 ಎಕರೆ ಭೂಮಿ ಕೊಟ್ಟರು. ಮೊದಲ ವಿದ್ಯಾರ್ಥಿ ಒಳಗೆ ಕಾಲಿಟ್ಟದ್ದು 1911ರಲ್ಲಿ. ಹಣ ಕೊಟ್ಟವರು ಒಂದು ಕಲ್ಲನ್ನೂ ನೋಡಲಿಲ್ಲ. ಉತ್ತರ ಕರ್ನಾಟಕದ ಕಡೆ ಶಿರಸಂಗಿ ಲಿಂಗರಾಜ ದೇಸಾಯಿಯವರು 1906ರಲ್ಲಿ ಕಾಲವಾಗುವ ಮುನ್ನ ಉಯಿಲು ಬರೆದು ತಮ್ಮ ಸಂಸ್ಥಾನದ ಆಸ್ತಿಯನ್ನು ಮಕ್ಕಳ ವಿದ್ಯಾಭ್ಯಾಸಕ್ಕೆ ಇಟ್ಟರು. 1933ರಲ್ಲಿ ಬೆಳಗಾವಿಯಲ್ಲಿ ಶುರುವಾದ ಲಿಂಗರಾಜ ಕಾಲೇಜು ಅವರ ಹೆಸರಿನದು.

ಇವರೆಲ್ಲ ಸಿರಿವಂತರು, ಕೊಟ್ಟರು, ನಮ್ಮ ಹತ್ತಿರ ಏನಿದೆ ಅಂತೀರಾ? ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕನವರ ಹತ್ತಿರ ಏನಿತ್ತು? ಕೂಲಿ ಮಾಡುವ ಎರಡು ಕೈ. ಮಕ್ಕಳಿಲ್ಲದ ಗಂಡ ಹೆಂಡತಿ ಹುಲಿಕಲ್ಲಿನಿಂದ ಕುದೂರಿನವರೆಗೆ ಮುನ್ನೂರ ಎಂಬತ್ತಕ್ಕೂ ಹೆಚ್ಚು ಆಲದ ಸಸಿ ನೆಟ್ಟು, ಕೊಡದಲ್ಲಿ ನೀರು ಹೊತ್ತು ಬೆಳೆಸಿದರು. ತಿಮ್ಮಕ್ಕ 2025ರ ನವೆಂಬರಿನಲ್ಲಿ ಶಿವೈಕ್ಯರಾದರು. ನೆರಳು ಹಾಗೇ ಇದೆ. ಮಂಗಳೂರಿನ ಬೀದಿಯಲ್ಲಿ ಕಿತ್ತಳೆ ಹಣ್ಣು ಮಾರುತ್ತಿದ್ದ ಹರೇಕಳ ಹಾಜಬ್ಬನವರು, ವಿದೇಶಿಯರು ಇಂಗ್ಲಿಷಿನಲ್ಲಿ ಬೆಲೆ ಕೇಳಿದಾಗ ಉತ್ತರ ಕೊಡಲಾಗಲಿಲ್ಲವಲ್ಲ ಅಂತ ನೊಂದುಕೊಂಡು, ತಮ್ಮೂರಿನ ಮಕ್ಕಳಿಗೆ ಹಾಗಾಗಬಾರದು ಅಂತ ಶಾಲೆ ಕಟ್ಟಿಸಿದರು. ಧರ್ಮ ಯಾವುದಾದರೇನು, ವಿದ್ಯಾದಾನಕ್ಕೆ ಜಾತಿಯಿಲ್ಲ.

ಕೊಡುವುದು ಸುಲಭ, ಕಾಪಾಡುವುದು ಕಷ್ಟ

ಹಳೆಯ ದಾನಶಾಸನಗಳಲ್ಲಿ ಕೊನೆಗೆ ಒಂದು ಮಾತು ಬರುತ್ತದೆ. ದಾನ ಕೊಡುವುದಕ್ಕಿಂತ, ಕೊಟ್ಟ ದಾನವನ್ನು ಪಾಲಿಸಿಕೊಂಡು ಬರುವುದು ಹೆಚ್ಚಿನದು ಅಂತ. ನಮ್ಮ ಹಿರಿಯರು ಇದನ್ನು ಬರೀ ಬಾಯಲ್ಲಿ ಹೇಳಲಿಲ್ಲ. ಕೆರೆ ಕಟ್ಟಿಸಿದರೆ ಅದರ ಪಾಲನೆಗೆ "ಬಿತ್ತುವಟ್ಟ" ಅಂತ ಭೂಮಿಯನ್ನೋ, ಬೆಳೆಯಲ್ಲಿ ಒಂದು ಪಾಲನ್ನೋ ಬಿಡುತ್ತಿದ್ದರು. ಅದರ ಆದಾಯದಲ್ಲಿ ಹೂಳು ಎತ್ತಬೇಕು, ಏರಿ ತೂಬು ರಿಪೇರಿ ಆಗಬೇಕು. ನೀರು ಬಿಡುವುದಕ್ಕೆ ನೀರುಗಂಟಿ ಇರುತ್ತಿದ್ದ. ಆ ವ್ಯವಸ್ಥೆ ಇರುವ ತನಕ ಕೆರೆ ಕೆರೆಯಾಗಿತ್ತು. ಅದು ತಪ್ಪಿದ ಮೇಲೆ ಎಷ್ಟೋ ಕೆರೆಗಳು ಹೂಳು ತುಂಬಿ, ಜಾಲಿ ಬೆಳೆದು, ಕೊನೆಗೆ ಸೈಟಾದವು.

ಇನ್ನು ನಮ್ಮ ಮನೆಯದನ್ನೇ ಹೇಳುತ್ತೇನೆ, ಮುಚ್ಚುಮರೆ ಯಾಕೆ? ನಮ್ಮ ಉಗ್ರಾಣದಲ್ಲಿ ಭಕ್ತರು ಕಾಣಿಕೆ ಕೊಟ್ಟ ಗೋಡೆ ಗಡಿಯಾರ ಹನ್ನೊಂದಿವೆ. ಹನ್ನೊಂದರ ಮೇಲೂ ಹೆಸರಿದೆ. ಮೂರಕ್ಕೆ ಸೆಲ್ ಇದೆ, ಆ ಮೂರೂ ಮೂರು ಟೈಮ್ ತೋರಿಸುತ್ತವೆ. ಹೆಸರು ಬರೆಯಿಸಿದ ಗಂಟೆ, ಬೆಂಚು, ಸ್ಟೀಲ್ ಪಾತ್ರೆ ಬೇಕಾದಷ್ಟು. ಆದರೆ ಮೂವತ್ತು ವರ್ಷದಲ್ಲಿ "ಕಲ್ಯಾಣಿಯ ಹೂಳು ತೆಗೆಸುವುದಕ್ಕೆ ಇದು ನನ್ನ ಕಾಣಿಕೆ" ಅಂತ ತಾವಾಗಿ ಬಂದು ಕೊಟ್ಟವರನ್ನು ಎರಡು ಕೈಯ ಬೆರಳಲ್ಲಿ ಎಣಿಸಬಹುದು. ಹೂಳಿನ ಮೇಲೆ ಹೆಸರು ಬರೆಯೋಕಾಗಲ್ಲವಲ್ಲ!

ಹಿಂದಿನ ವರ್ಷ ಒಬ್ಬ ಅಜ್ಜಿ ಬಂದರು. ತೀರಿಹೋದ ಮಗನ ಹೆಸರಿನಲ್ಲಿ 1994ರಲ್ಲಿ 501 ರೂಪಾಯಿ ಕಟ್ಟಿ ಶಾಶ್ವತ ಪೂಜೆ ಬರೆಸಿದ್ದರು. ಆ ರಸೀದಿ ಬರೆದವನು ನಾನೇ. ಮಡಚಿ ಮಡಚಿ ಹರಿದಿದ್ದ ಅದನ್ನು ತೋರಿಸಿ, "ಪೂಜೆ ನಡೀತಾ ಐತೇನಪ್ಪಾ?" ಅಂತ ಕೇಳಿದರು. ನಡೀತಾ ಇದೆ ಅಂದೆ. ಸುಳ್ಳಲ್ಲ. ಆದರೆ ಲೆಕ್ಕ ಬರೆಯುವವನಿಗೆ ಗೊತ್ತು, ಅಂದು ಅದರ ಬಡ್ಡಿಯಲ್ಲಿ ಹೂವು, ಕಾಯಿ, ಕರ್ಪೂರ ಎಲ್ಲ ಆಗಿ ಚಿಲ್ಲರೆ ಉಳಿಯುತ್ತಿತ್ತು. ಇಂದು ವರ್ಷಕ್ಕೆ ಬರುವ ಮೂವತ್ತು ಮೂವತ್ತೈದು ರೂಪಾಯಿಯಲ್ಲಿ ಒಂದು ತೆಂಗಿನಕಾಯಿ ಬರುವುದೂ ಕಷ್ಟ. ಹಾಗಾಗಿ ಒಂದೇ ತಿಥಿಯ ಹತ್ತು ಹನ್ನೆರಡು ಹೆಸರನ್ನು ಸೇರಿಸಿ ಒಂದೇ ಪೂಜೆಯಲ್ಲಿ ಸಂಕಲ್ಪ ಮಾಡುತ್ತೇವೆ. ಇದನ್ನು ಅಜ್ಜಿಗೆ ಹೇಳಲೋ ಬೇಡವೋ ಅಂತ ಹಿಂದೆ ಮುಂದೆ ನೋಡಿದೆ. ಕೊನೆಗೆ ಹೇಳಿಬಿಟ್ಟೆ.

ಅಜ್ಜಿ ಬೇಜಾರು ಮಾಡಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದು, ಸೆರಗಿನ ಗಂಟಿನಿಂದ ಎರಡು ಸಾವಿರ ತೆಗೆದು ಎಣಿಸಿ ಇಟ್ಟರು. "ಹಂಗಾದ್ರೆ ಇದು ಸವೀದೇ ಇರೋ ಅಂಥದ್ದು ಏನಾದ್ರೂ ಇದ್ರೆ ಮಾಡಪ್ಪ. ನನ್ನ ಮಗ ನೀರಡಿಸಿ ಸತ್ತ" ಅಂದರು. ಅದು ಹೇಗಾಯಿತು ಅಂತ ಕೇಳುವ ಧೈರ್ಯ ನನಗಾಗಲಿಲ್ಲ. ಕಲ್ಯಾಣಿಯ ಹೂಳಿನ ಲೆಕ್ಕಕ್ಕೆ ಬರೆದುಕೊಂಡೆ. ರಸೀದಿಗೆ ಯಾರ ಹೆಸರು ಅಂದಾಗ, "ಕುಡಿಯೋರ ಹೆಸರು ಬರ್ಕೊ" ಅಂತ ಎದ್ದು ಹೋದರು. ಆ ವರ್ಷ ಬೇಸಿಗೆಗೆ ಮುಂಚೆ ಊರ ಹುಡುಗರು ಸೇರಿ ಹೂಳು ತೆಗೆದರು. ಅಜ್ಜಿಯ ದುಡ್ಡು ಅವರ ಊಟಕ್ಕೆ, ಮಂಕರಿ ಸಲಿಕೆಗೆ ಆಯಿತು. ನೀವು ಇಂದು ಮುಖ ತೊಳೆದ ನೀರಿನಲ್ಲಿ ಅದೂ ಇದೆ.

ನನ್ನ ಸಾಲ

ಇಷ್ಟು ಉಪದೇಶ ಬರೆದವನು ತಾನೇನು ಮಾಡಿದ ಅಂತ ನೀವು ಕೇಳಬೇಕು. ನಮ್ಮ ತಂದೆ ಇನ್ನೊಬ್ಬರ ಹೊಲದಲ್ಲಿ ಜೀತಕ್ಕಿದ್ದವರು. ನಾನು ಹೈಸ್ಕೂಲಿನಿಂದ ಪಿಯುಸಿವರೆಗೆ ಐದು ವರ್ಷ ಉಂಡದ್ದು, ಮಲಗಿದ್ದು ಒಂದು ಉಚಿತ ವಿದ್ಯಾರ್ಥಿನಿಲಯದಲ್ಲಿ. ಯಾರೋ ಒಬ್ಬರು ಬಹಳ ಹಿಂದೆ ತಮ್ಮ ಜಮೀನನ್ನು ಅದಕ್ಕೆ ಬಿಟ್ಟಿದ್ದರು. ಊಟದ ಮನೆಯ ಗೋಡೆಯ ಮೇಲೆ ಅವರ ಫೋಟೊ ಇತ್ತು, ಹೊಗೆ ಹಿಡಿದು ಕೆಳಗಿನ ಹೆಸರು ಮಾಸಿತ್ತು. ಐದು ವರ್ಷ ಅದರ ಕೆಳಗೆ ಮುದ್ದೆ ಉಂಡರೂ, ಇವರ್ಯಾರು ಅಂತ ಒಂದು ದಿನವೂ ನಾನು ಕೇಳಲಿಲ್ಲ. ಅಜ್ಜಿ ಹೋದ ಆ ರಾತ್ರಿ ಅದು ನೆನಪಾಗಿ ನಿದ್ದೆ ಬರಲಿಲ್ಲ. ಮರು ತಿಂಗಳಿನಿಂದ ಆ ನಿಲಯದ ಒಬ್ಬ ಹುಡುಗನ ಪುಸ್ತಕದ ಖರ್ಚು ಕಳಿಸುತ್ತಿದ್ದೇನೆ. ಮೂವತ್ತೈದು ವರ್ಷ ತಡವಾಯಿತು. ತಡವಾದದ್ದಕ್ಕೆ ಸ್ವಾಮಿಯಲ್ಲಿ ಕ್ಷಮೆ ಕೇಳಿದ್ದೇನೆ.

ಭಕ್ತರು ಮಾಡಬಹುದಾದದ್ದು

1. ಗಡಿಯಾರ, ಗಂಟೆ ಕೊಡುವ ಮುನ್ನ ಕಛೇರಿಯಲ್ಲಿ "ಏನು ಬೇಕಾಗಿದೆ?" ಅಂತ ಒಂದು ಮಾತು ಕೇಳಿ. ನಿಮ್ಮ ಊರಿನ ಶಾಲೆ, ಆಸ್ಪತ್ರೆಗೂ ಇದೇ ಮಾತು.

2. ಹೊಸದು ಕಟ್ಟಿಸಲು ಹತ್ತು ರೂಪಾಯಿ ಕೊಟ್ಟರೆ, ಅದನ್ನು ಕಾಪಾಡಲು ಒಂದು ರೂಪಾಯಿಯನ್ನಾದರೂ ತೆಗೆದಿಡಿ. ಅದೇ ನಮ್ಮ ಕಾಲದ ಬಿತ್ತುವಟ್ಟ.

3. ಮಕ್ಕಳ ಹುಟ್ಟುಹಬ್ಬಕ್ಕೆ ಒಂದು ಹೊಂಗೆಯನ್ನೋ ಬೇವನ್ನೋ ನೆಡಿ. ನೆಟ್ಟು ಫೋಟೊ ತೆಗೆಸಿಕೊಂಡರೆ ಸಾಲದು, ಮೂರು ಬೇಸಿಗೆ ನೀರು ಹಾಕಿ.

4. ಓದುವ ಒಂದು ಬಡ ಮಗುವಿನ ಕೈ ಹಿಡಿಯಿರಿ. ಒಂದು ವರ್ಷಕ್ಕೆ ಬಿಡಬೇಡಿ, ಓದು ಮುಗಿಯುವ ತನಕ ಹಿಡಿಯಿರಿ.

5. ದುಡ್ಡೇ ಇಲ್ಲದವರು ನೇತ್ರದಾನಕ್ಕೆ ಮನಸ್ಸು ಮಾಡಿ, ಮನೆಯವರಿಗೆ ಹೇಳಿಡಿ. ಪ್ರಾಣ ಹೋದ ಆರು ಗಂಟೆಯೊಳಗೆ ಕಣ್ಣು ತೆಗೆಯಬೇಕು, ಆದ್ದರಿಂದ ನೇತ್ರ ಬ್ಯಾಂಕಿಗೆ ಕೂಡಲೇ ತಿಳಿಸಬೇಕು. ಡಾ. ರಾಜ್‌ಕುಮಾರ್ 2006ರಲ್ಲಿ, ಅವರ ಮಗ ಪುನೀತ್ 2021ರಲ್ಲಿ ಕಣ್ಣು ಕೊಟ್ಟೇ ಹೋದರು. ಪುನೀತರ ಕಣ್ಣಿನಿಂದ ನಾಲ್ವರಿಗೆ ದೃಷ್ಟಿ ಬಂತು.

ಭಕ್ತರೇ, ಇಳಿಯುವಾಗ ಮಂಟಪದ ಹತ್ತಿರ ಒಂದು ಕ್ಷಣ ನಿಂತು, ಹೆಸರಿಲ್ಲದ ಆ ಪುಣ್ಯಾತ್ಮನಿಗೆ ಕೈಮುಗಿಯಿರಿ. ಪ್ಲಾಸ್ಟಿಕ್ ಕವರು, ಬಾಟಲಿಯನ್ನು ಕಲ್ಯಾಣಿಗೆ ಹಾಕಬೇಡಿ, ಅದೂ ಒಂದು ದಾನವೇ. ನೂರು ವರ್ಷದ ನಂತರ ಈ ಮೆಟ್ಟಿಲು ಹತ್ತುವವರಿಗೂ ಬಾಯಾರುತ್ತದೆ. ಅವರಿಗೆ ನಮ್ಮ ಹೆಸರು ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ, ನೀರು ಸಿಕ್ಕರೆ ಸಾಕು.

ಶ್ರೀ ಸ್ವಾಮಿಯ ಅನುಗ್ರಹ ನಿಮ್ಮ ಮೇಲೂ, ನಿಮ್ಮ ಮೊಮ್ಮಕ್ಕಳ ಮೊಮ್ಮಕ್ಕಳ ಮೇಲೂ ಸದಾ ಇರಲಿ.

|| ಇತಿ ಶುಭಂ ||

— ದೇವಸ್ಥಾನ ಕಛೇರಿಯ ಒಬ್ಬ ಗುಮಾಸ್ತ