ಹೊರಗಿನವರ ಸಾಕ್ಷಿ

2024ರ ಆಗಸ್ಟ್ 5ರಂದು ಬಾಂಗ್ಲಾದೇಶದ ಪ್ರಧಾನಿಯಾಗಿದ್ದ ಶೇಖ್ ಹಸೀನಾ ಢಾಕಾ ಬಿಟ್ಟ ಬೆನ್ನಲ್ಲೇ ನಮ್ಮ ಹಲವು ವಾಹಿನಿಗಳಲ್ಲಿ ‘ವಿದೇಶಿ ಕೈವಾಡ’ದ ಚರ್ಚೆ ಶುರುವಾಯಿತು. ಹಸೀನಾ ವಿರುದ್ಧ ಬೀದಿಗಿಳಿದ ವಿದ್ಯಾರ್ಥಿಗಳು ಏನು ಹೇಳುತ್ತಿದ್ದಾರೆ ಎಂಬುದಕ್ಕಿಂತ ಅವರ ಹಿಂದೆ ಯಾರಿದ್ದಾರೆ ಎಂಬುದೇ ದೊಡ್ಡದಾಯಿತು. ಮಾತು ಎಲ್ಲಿಂದ ಬಂತು ಎಂದು ತಿಳಿದರೆ ಅದು ನಿಜವೋ ಸುಳ್ಳೋ ಎಂದು ತಿಳಿದಂತಾಯಿತೇ?

ಭಾರತೀಯ ತತ್ತ್ವಶಾಸ್ತ್ರದ ನ್ಯಾಯದರ್ಶನದಲ್ಲಿ ಇದಕ್ಕೆ ಉತ್ತರವಿದೆ. ಗೌತಮನ ಸೂತ್ರಗಳು ಹೇಳುವ ಪ್ರಮಾಣಗಳು, ಅಂದರೆ ಸರಿಯಾದ ಅರಿವಿನ ಸಾಧನಗಳು, ನಾಲ್ಕು: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಶಬ್ದವೆಂದರೆ ಆಪ್ತನ ಮಾತು. ಆಪ್ತನೆಂದರೆ ಯಾರು? ವಿಷಯವನ್ನು ಖುದ್ದಾಗಿ ಅರಿತವನು, ಅರಿತದ್ದನ್ನು ಅರಿತಂತೆಯೇ ತಿಳಿಸಬೇಕೆಂಬ ಮನಸ್ಸುಳ್ಳವನು ಎನ್ನುತ್ತಾನೆ ಭಾಷ್ಯಕಾರ ವಾತ್ಸ್ಯಾಯನ. ಈ ಲಕ್ಷಣ ಋಷಿಗೂ ಆರ್ಯನಿಗೂ ಹೊರಗಿನವನಾದ ಮ್ಲೇಚ್ಛನಿಗೂ ಸಮಾನ ಎಂದೂ ಸೇರಿಸುತ್ತಾನೆ. ಸುಮಾರು ಒಂದೂವರೆ ಸಾವಿರ ವರ್ಷಗಳ ಹಿಂದೆ ಹೀಗೆ ಬರೆಯಲು ಬೇಕಾದ ಧೈರ್ಯ ಸಣ್ಣದಲ್ಲ.

ಹೊರಗಿನವರ ಮಾತಿಗೆ ನಮ್ಮ ಹತ್ತಿರದ್ದೇ ಒಂದು ಉದಾಹರಣೆ ನೋಡಿ. ಹುಮನಾಬಾದಿನಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಪಟಾನ್‌ಚೆರು ಔಷಧ ಕಾರ್ಖಾನೆಗಳ ಊರು. ಅಲ್ಲಿನ ಕೊಳೆನೀರು ನಕ್ಕವಾಗು ಹಳ್ಳದ ಮೂಲಕ, ಬೀದರ್ ಕಡೆಯಿಂದ ಹರಿದುಬರುವ ಮಾಂಜ್ರಾ ನದಿಗೆ ಸೇರುತ್ತಿತ್ತು. 2007ರಲ್ಲಿ ಸ್ವೀಡನ್ನಿನ ಸಂಶೋಧಕ ಯೋಕಿಮ್ ಲಾರ್ಸನ್ ಮತ್ತು ಸಂಗಡಿಗರು ಅಲ್ಲಿನ ಸಂಸ್ಕರಣಾ ಘಟಕದಿಂದ ಹೊರಬಿಡುವ ನೀರಿನ ಪರೀಕ್ಷೆಯನ್ನು ಪ್ರಕಟಿಸಿದರು: ಲೀಟರಿಗೆ 31 ಮಿಲಿಗ್ರಾಂವರೆಗೆ ಸಿಪ್ರೊಫ್ಲಾಕ್ಸಸಿನ್ ಎಂಬ ಪ್ರತಿಜೀವಕ ಔಷಧ. ಆ ಮಾತ್ರೆ ನುಂಗುವ ರೋಗಿಯ ರಕ್ತದಲ್ಲೂ ಅಷ್ಟಿರುವುದಿಲ್ಲ. 2009ರಲ್ಲಿ ಅಸೋಸಿಯೇಟೆಡ್ ಪ್ರೆಸ್ ವರದಿ ಮಾಡಿದ ಮೇಲೆ ಪಟಾನ್‌ಚೆರು ಜಗತ್ತಿನ ಪತ್ರಿಕೆಗಳಿಗೆ ಬಂತು. ನಮ್ಮ ಔಷಧ ಉದ್ಯಮಕ್ಕೆ ಮಸಿ ಬಳಿಯುವ ಸಂಚು ಇದು ಎಂದು ಯಾರಿಗಾದರೂ ಅನಿಸಿದರೆ, ಮಾಡಬೇಕಾದದ್ದು ನೀರನ್ನು ಮತ್ತೆ ಅಳೆಯುವುದು. ಹೇಳಿದವನ ಉದ್ದೇಶದ ಮೇಲೆ ಶಂಕೆ ಬಂದರೆ ಮರುಪರೀಕ್ಷೆ ಮಾಡಬೇಕು. ಆ ಶಂಕೆಯಿಂದ 31 ಎಂಬ ಅಂಕಿ ಒಂದಿಷ್ಟೂ ಇಳಿಯುವುದಿಲ್ಲ.

ಕೈವಾಡಗಳು ನಡೆಯುವುದೇ ಇಲ್ಲ ಎನ್ನುತ್ತಿಲ್ಲ. 1953ರಲ್ಲಿ ಇರಾನಿನ ಪ್ರಧಾನಿ ಮೊಸಾದ್ದೆಗ್‌ ಅವರನ್ನು ಉರುಳಿಸಿದ್ದರಲ್ಲಿ ಸಿಐಎ ಪಾತ್ರವಿತ್ತೆಂದು 2013ರಲ್ಲಿ ಬಹಿರಂಗವಾದ ಅದರ ದಾಖಲೆಗಳೇ ಹೇಳುತ್ತವೆ. ಕೈವಾಡವಿದೆ ಎನ್ನುವುದೂ ಒಂದು ಹೇಳಿಕೆ. ಅದಕ್ಕೂ ಪ್ರಮಾಣ ಬೇಕು.

ಪಟಾನ್‌ಚೆರು ವಿಷಯದಲ್ಲಿ ನನ್ನನ್ನು ಹೆಚ್ಚು ಕಾಡುವುದು ಬೇರೆಯದು. ಸ್ವೀಡನ್ನಿನ ವರದಿಗೆ ಎಷ್ಟೋ ಮೊದಲು, 1980ರ ದಶಕದಲ್ಲೇ, ಊರಿನ ವೈದ್ಯ ಅಲ್ಲಾನಿ ಕಿಷನ್ ರಾವ್ ರೈತರನ್ನು ಕಟ್ಟಿಕೊಂಡು ಹೋರಾಟಕ್ಕಿಳಿದಿದ್ದರು. 1990ರಲ್ಲಿ ಪ್ರಕರಣ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತ್ತು. ಕೆಟ್ಟ ಹೊಲವನ್ನೂ ಬಣ್ಣಗೆಟ್ಟ ಬಾವಿಯನ್ನೂ ಕಣ್ಣಾರೆ ಕಂಡವರು ಅವರು; ಕಂಡದ್ದನ್ನೇ ಹೇಳಿದರು. ವಾತ್ಸ್ಯಾಯನನ ಲೆಕ್ಕದಲ್ಲಿ ಆಪ್ತರಾಗಲು ಅವರಿಗೆ ಇನ್ನೇನೂ ಬೇಕಿರಲಿಲ್ಲ.