ಮೈಯ ಮೇಲಣ ಅಹಿಂಸೆ

ನೀಲಗಿರಿಯ ಉತ್ತರದ ಕಡಿದಾದ ಪಾರ್ಶ್ವವು ಒಮ್ಮೆಗೇ ಇಳಿದು ಸೀಗೂರಿನ ಬಯಲಾಗುವ ಎಡೆಯಲ್ಲಿ, ಮಸಿನಗುಡಿಗೆ ಸಮೀಪದಲ್ಲಿ, ಬೊಕ್ಕಾಪುರಂ ಎಂಬ ಹಳ್ಳಿಯಿದೆ. ನೈಋತ್ಯ ಮಾರುತವು ತನ್ನ ಮಳೆಯ ಬಹುಭಾಗವನ್ನು ಗೂಡಲೂರು, ದೇವಾಲಗಳ ಕಡೆಯ ಇಳಿಜಾರುಗಳಲ್ಲಿಯೇ ಸುರಿಸಿಬಿಡುವುದರಿಂದ ಇಲ್ಲಿಯದು ಕುರುಚಲು ಮತ್ತು ಮುಳ್ಳುಗಿಡಗಳ ಕಾಡು. ಛಳಿಗಾಲ ಕಳೆಯುವ ಹೊತ್ತಿಗೆ ಮರಗಳು ಎಲೆಯುದುರಿಸಿ ನಿಲ್ಲುತ್ತವೆ, ಮಕ್ಕಳ ತುಟಿಯೊಡೆದು ಕೆನ್ನೆ ಬಿರಿದು ಬೆಳ್ಳಗೆ ಪೊರೆಯೇಳುತ್ತದೆ. ಆ ಒಣಗಾಲದಲ್ಲಿಯೇ, ಫೆಬ್ರುವರಿ ಮಾರ್ಚಿಗಳ ಸುಮಾರಿಗೆ, ಇಲ್ಲಿಯ ಮಾರಿಯಮ್ಮನ ಜಾತ್ರೆ ನೆರೆಯುತ್ತದೆ. ಬೆಟ್ಟದ ಮೇಲಿನಿಂದ ಬಡಗರು, ಕಾಡಂಚಿನ ಊರುಗಳಿಂದ ಇರುಳರು, ಗಡಿಯಾಚೆಯ ಗುಂಡ್ಲುಪೇಟೆಯ ಕಡೆಯಿಂದ ಕನ್ನಡಿಗರು, ತಮಿಳರು, ಮಲೆಯಾಳಿಗಳು, ಹೀಗೆ ನಾನಾ ನುಡಿಯ ಜನರು ಒಬ್ಬಳೇ ತಾಯಿಯ ಮುಂದೆ ಬಂದು ನಿಲ್ಲುತ್ತಾರೆ. ಆ ತಾಯಿ ಲೋಕದ ಮೈಗೆ ಸಂಬಂಧಪಟ್ಟವಳು. ಸಿಡುಬು, ದಡಾರ, ಸೀತಾಳೆ ಸಿಡುಬುಗಳಲ್ಲಿ ಮೈಮೇಲೆ ಏಳುವ ಗುಳ್ಳೆಗಳನ್ನು ಆಕೆಯ ಮುತ್ತುಗಳೆಂದೇ ದಕ್ಷಿಣದೇಶದ ಜನ ಬಗೆದರು. ಕೊಡುವವಳೂ ಆಕೆಯೇ, ಇಳಿಸುವವಳೂ ಆಕೆಯೇ ಎಂದು ನಂಬಿದರು.

ಈ ನಂಬಿಕೆಯನ್ನು ಅಜ್ಞಾನವೆಂದು ಕರೆದು ಮುಂದೆ ಸಾಗುವುದು ಸುಲಭ. ಆದರೆ ಅದರೊಳಗೆ ಒಂದು ಧರ್ಮಸೂಕ್ಷ್ಮವು ಅಡಗಿದೆಯೆಂದೂ, ಇಂದು ಮೊಡವೆಯೆದ್ದ ಮುಖವನ್ನು ಕನ್ನಡಿಯಲ್ಲಿ ಕಂಡು ಕುಗ್ಗುವ ಹದಿಹರೆಯದ ಮಕ್ಕಳಿಗೆ ಅದರ ಅಗತ್ಯವಿದೆಯೆಂದೂ ನನಗೆ ತೋರುತ್ತದೆ. ಮೈಮೇಲೆ ಮೂಡಿದ ಗುಳ್ಳೆ ಯಾರ ತಪ್ಪು? ಅದನ್ನು ಧರಿಸಿದ ಜೀವದೊಡನೆ ನಾವು ಹೇಗೆ ನಡೆದುಕೊಳ್ಳತಕ್ಕದ್ದು? ಮೇಲುನೋಟಕ್ಕೆ ವೈದ್ಯಕ್ಕೆ ಸೇರಿದವೆಂದು ತೋರುವ ಈ ಪ್ರಶ್ನೆಗಳ ಬೇರು ಧರ್ಮದಲ್ಲಿದೆ.

ಮನೆಯಲ್ಲಿ ಮಗುವಿಗೆ ಅಮ್ಮ ಆದಾಗ ಹಿಂದಿನವರು ಪಾಲಿಸುತ್ತಿದ್ದ ಕಟ್ಟಳೆಗಳನ್ನು ನೆನೆಯಬೇಕು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ ಹೊರಗಿನವರನ್ನು ದೂರವಿಡುತ್ತಿದ್ದರು. ಒಲೆಯ ಮೇಲೆ ಒಗ್ಗರಣೆ ಸಿಡಿಯುತ್ತಿರಲಿಲ್ಲ. ಮಗುವನ್ನು ಮೆತ್ತನೆಯ ಹಳೆಯ ಬಟ್ಟೆಯ ಮೇಲೆ ಮಲಗಿಸಿ, ಉಗುರು ತಾಗದಂತೆ ಬೇವಿನ ಎಸಳಿನಿಂದ ಮೈಸವರಿ, ತಂಪಾದುದನ್ನೇ ಕುಡಿಸುತ್ತಿದ್ದರು. ಎಲ್ಲಕ್ಕಿಂತ ಮಿಗಿಲಾಗಿ, ಆ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತನಾಡುತ್ತಿರಲಿಲ್ಲ, ಮಗುವನ್ನು ಯಾರೂ ಗದರುತ್ತಿರಲಿಲ್ಲ. ದೇವಿಯೇ ಬಂದು ನೆಲಸಿರುವ ಮೈಯನ್ನು ಹೀಗಳೆಯುವುದುಂಟೆ? ತಮಿಳುನಾಡಿನ ಸಮಯಪುರದಲ್ಲಿ ಈ ಭಾವವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಅಲ್ಲಿ ಮಾರಿಯಮ್ಮನೇ ವರ್ಷಕ್ಕೊಮ್ಮೆ 28 ದಿನಗಳ ಕಾಲ, ಬೇಯಿಸಿದ ನೈವೇದ್ಯವನ್ನು ತೊರೆದು ಎಳನೀರು, ಪಾನಕ, ಮಜ್ಜಿಗೆಗಳಂಥ ತಂಪಿನ ಪದಾರ್ಥಗಳನ್ನಷ್ಟೇ ಸ್ವೀಕರಿಸಿ, ತನ್ನ ಮಕ್ಕಳ ಕ್ಷೇಮಕ್ಕಾಗಿ ತಾನೇ ಉಪವಾಸವಿರುತ್ತಾಳೆ. ಮೈ ನೊಂದವರಿಂದ ಪ್ರಾಯಶ್ಚಿತ್ತವನ್ನು ಕೇಳದೆ, ಅವರ ಪರವಾಗಿ ತಾನೇ ವ್ರತವನ್ನು ಹೊರುವ ದೈವವನ್ನು ಕಲ್ಪಿಸಿಕೊಂಡ ಜನರ ಹೃದಯ ಸಾಮಾನ್ಯವಾದುದಲ್ಲ.

ಈ ಆಚಾರದಿಂದ ರೋಗವೇನೂ ನಿಲ್ಲಲಿಲ್ಲ ಎಂಬುದನ್ನೂ ಮುಚ್ಚುಮರೆಯಿಲ್ಲದೆ ಹೇಳಬೇಕು. 1796ರಲ್ಲಿ ಜೆನ್ನರನು ಕಂಡುಹಿಡಿದ ಲಸಿಕೆಯನ್ನು, ನಮ್ಮ ಹಿರಿಯರು ದೇವಿ ಹಾಕಿಸುವುದೆಂದು ಕರೆದ ಆ ಚಿಕಿತ್ಸೆಯನ್ನು, ಊರೂರಿಗೆ ಹೊತ್ತು ನಡೆದವರ ಶ್ರಮದಿಂದ ಭಾರತದಲ್ಲಿ ಸಿಡುಬು 1975ರಲ್ಲಿ ಕೊನೆಗೊಂಡಿತು. 1980ರ ಮೇ ತಿಂಗಳಲ್ಲಿ ಲೋಕವೇ ಅದರಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆಯು ಸಾರಿತು. ಹೀಗಿದ್ದರೂ ಬೊಕ್ಕಾಪುರದ ಜಾತ್ರೆಗೆ ಜನ ಬರುವುದು ನಿಂತಿಲ್ಲ. ಸಿಡುಬು ಹೋಯಿತು, ತಾಯಿ ಉಳಿದಳು. ಏಕೆಂದರೆ ಆಕೆ ಉತ್ತರ ಕೊಟ್ಟುದು ನೊಂದ ಮೈಯನ್ನು ಹೇಗೆ ಕಾಣಬೇಕೆಂಬ ಪ್ರಶ್ನೆಗೆ, ಮತ್ತು ಆ ಪ್ರಶ್ನೆಯು ಯಾವ ಲಸಿಕೆಯಿಂದಲೂ ತೀರುವಂಥದಲ್ಲ.

ಈಗ ಮೊಡವೆಯ ಮಾತಿಗೆ ಬರೋಣ. ಅದು ಸಿಡುಬಿನಂತೆ ಅಂಟುರೋಗವಲ್ಲ, ಪ್ರಾಣಕ್ಕೆ ಅಪಾಯವೂ ಅಲ್ಲ. ಸುಶ್ರುತನು ಇದನ್ನು ಕ್ಷುದ್ರರೋಗಗಳ ಸಾಲಿನಲ್ಲಿರಿಸಿ, ತರುಣರ ಮುಖದಲ್ಲಿ ಬೂರುಗದ ಮರದ ಮುಳ್ಳುಗಳಂತೆ ಏಳುವ ಗುಳ್ಳೆಗಳೆಂದು ವರ್ಣಿಸಿ, ಕಫ, ವಾತ, ರಕ್ತಗಳನ್ನು ಅದಕ್ಕೆ ಕಾರಣವಾಗಿ ಹೇಳಿದನು. ಇಂದಿನ ವೈದ್ಯವು ಹೇಳುವುದಿಷ್ಟು: ಪ್ರಾಯ ಬರುವಾಗ ದೇಹದಲ್ಲಿ ಹೆಚ್ಚುವ ಆಂಡ್ರೊಜೆನ್ ಹಾರ್ಮೋನುಗಳಿಂದ ಚರ್ಮದ ಜಿಡ್ಡಿನ ಗ್ರಂಥಿಗಳು ಎಚ್ಚರಗೊಳ್ಳುತ್ತವೆ, ಕೂದಲಿನ ಬುಡದ ರಂಧ್ರವು ಜಿಡ್ಡಿನಿಂದಲೂ ಉದುರಿದ ಚರ್ಮಕಣಗಳಿಂದಲೂ ಮುಚ್ಚಿಕೊಳ್ಳುತ್ತದೆ, ಅಲ್ಲಿಯೇ ಸಹಜವಾಗಿ ವಾಸಿಸುವ ಬ್ಯಾಕ್ಟೀರಿಯಗಳು ವೃದ್ಧಿಸಿ ಉರಿಯೂತವುಂಟಾಗುತ್ತದೆ. ಇದರಲ್ಲಿ ಮಗುವಿನ ಅಪರಾಧವೆಲ್ಲಿದೆ? ಮುಖ ತೊಳೆಯದ ಕೊಳಕಿನಿಂದ ಮೊಡವೆ ಹುಟ್ಟುವುದಿಲ್ಲ. ಮನಸ್ಸಿನ ಕೆಟ್ಟ ಯೋಚನೆಯಿಂದಂತೂ ಅಲ್ಲ. ಬಾಲ್ಯವನ್ನು ದಾಟಿಸುವ ಪ್ರಕೃತಿಯ ವ್ಯಾಪಾರವೇ ಅದನ್ನೂ ತರುತ್ತದೆ.

ಇಷ್ಟಾದರೂ ಸಿಡುಬಿನ ಮಗುವಿಗೆ ದೊರೆಯುತ್ತಿದ್ದ ಮೌನದ ಮರ್ಯಾದೆಯು ಮೊಡವೆಯ ಮಗುವಿಗೆ ದೊರೆಯುವುದಿಲ್ಲ. ಕರಿದುದನ್ನು ತಿಂದೆ, ನಿದ್ದೆಗೆಟ್ಟೆ, ಮುಖವನ್ನು ನೆಟ್ಟಗೆ ತೊಳೆಯಲಿಲ್ಲ ಎಂದು ಮನೆಯವರು. ಇದೇನಮ್ಮಾ ಮುಖವೆಲ್ಲ ಹೀಗಾಗಿದೆ ಎಂದು ನೆಂಟರು. ಸಲಹೆಯ ವೇಷದಲ್ಲಿ ದಿನವೂ ಒಂದು ಆಪಾದನೆ. ಕೇಳಿ ಕೇಳಿ ಮಗುವು ತಾನೇ ತನಗೆ ದಂಡಾಧಿಕಾರಿಯಾಗುತ್ತದೆ: ದಿನಕ್ಕೆ ಐದಾರು ಸಲ ಸೋಪು ಹಚ್ಚಿ ತಿಕ್ಕುವುದು, ನಿಂಬೆರಸ ಬಳಿಯುವುದು, ಗುಳ್ಳೆಗಳನ್ನು ಹಿಚುಕುವುದು. ತೊಳೆಯುವಿಕೆಯೆಂದು ಇದಕ್ಕೆ ಹೆಸರಾದರೂ ನಿಜದಲ್ಲಿ ಇದು ಒಂದು ವಿಧದ ಉಗ್ರತಪಸ್ಸು. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ಕೃಷ್ಣನು, ಶಾಸ್ತ್ರವಿಹಿತವಲ್ಲದ ಘೋರತಪದಿಂದ ದೇಹದಲ್ಲಿರುವ ಭೂತಗಳನ್ನು ಕೃಶಗೊಳಿಸುವವರು ಒಳಗಿರುವ ತನ್ನನ್ನೂ ಪೀಡಿಸುತ್ತಾರೆಂದು ಹೇಳಿ ಅವರ ನಿಶ್ಚಯವನ್ನು ಆಸುರವೆಂದು ಕರೆಯುತ್ತಾನೆ. ಆ ಮಾತು ಅರಣ್ಯದ ತಪಸ್ವಿಗಳಿಗೆ ಅನ್ವಯಿಸುವಷ್ಟೇ ಬಚ್ಚಲುಮನೆಯ ಕನ್ನಡಿಯ ಮುಂದೆ ತನ್ನ ಕೆನ್ನೆಯನ್ನು ತಾನೇ ಕೆರೆದು ಗಾಯಮಾಡಿಕೊಳ್ಳುವ ಹುಡುಗನಿಗೂ ಹುಡುಗಿಗೂ ಅನ್ವಯಿಸುತ್ತದೆ. ಅಹಿಂಸೆಯು ಪರಪ್ರಾಣಿಗಳಿಗೆ ಮಾತ್ರ ಸಲ್ಲುವ ಋಣವಲ್ಲ. ತನ್ನ ಮೈಗೂ ಅದು ಸಲ್ಲಬೇಕು.

ಒಣಗಿದ, ಬೇಗನೆ ಕೆರಳುವ, ಅದರ ಮೇಲೆ ಮೊಡವೆಯೂ ಏಳುವ ಚರ್ಮದಲ್ಲಿ ಈ ಸತ್ಯವು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಜಿಡ್ಡಿನ ರೋಗಕ್ಕೆ ಒಣಗಿಸುವುದೇ ಮದ್ದೆಂಬ ತರ್ಕವು ಇಲ್ಲಿ ಸೋಲುತ್ತದೆ. ಆರೋಗ್ಯವಾದ ಚರ್ಮದ ಮೇಲ್ಪದರವು ತುಸು ಆಮ್ಲೀಯ; ಸಾಮಾನ್ಯ ಸೋಪು ಕ್ಷಾರ. ಪದೇ ಪದೇ ಸೋಪು ಬಳಸಿದರೆ ತೇವವನ್ನು ಒಳಗೆ ಹಿಡಿದಿಡುವ ಆ ಪದರವು ಸಡಿಲಗೊಂಡು, ಉರಿ, ತುರಿಕೆ, ಕೆಂಪು ಹೆಚ್ಚುತ್ತವೆಯಲ್ಲದೆ ಮೊಡವೆಯ ಔಷಧವನ್ನು ತಾಳುವ ಶಕ್ತಿಯೂ ಹೋಗುತ್ತದೆ. ಆದುದರಿಂದ ಅಂಥ ಮುಖಕ್ಕೆ ದಿನಕ್ಕೆ ಎರಡು ಸಲ ಸೌಮ್ಯವಾದ ಕ್ಲೆನ್ಸರೂ ಉಗುರುಬೆಚ್ಚನೆಯ ನೀರೂ ಸಾಕು. ಟವಲಿನಿಂದ ತಿಕ್ಕದೆ ಒತ್ತಿ ಒರಸಬೇಕು. ತೇವವಿರುವಾಗಲೇ ರಂಧ್ರಗಳನ್ನು ಮುಚ್ಚದಂಥ, ಸುವಾಸನೆಯಿಲ್ಲದ ಮಾಯಿಶ್ಚರೈಸರನ್ನು ಹಚ್ಚಬೇಕು. ಹಗಲಿನಲ್ಲಿ ಸನ್‌ಸ್ಕ್ರೀನ್ ಬೇಕು, ಏಕೆಂದರೆ ನಮ್ಮ ಬಣ್ಣದ ಚರ್ಮದಲ್ಲಿ ಮೊಡವೆ ಮಾಗಿದ ಮೇಲೂ ಕಪ್ಪು ಕಲೆಗಳು ತಿಂಗಳುಗಟ್ಟಲೆ ನಿಲ್ಲುತ್ತವೆ, ಬಿಸಿಲು ಅವನ್ನು ಗಾಢಗೊಳಿಸುತ್ತದೆ. ಬೆಂಜಾಯಿಲ್ ಪೆರಾಕ್ಸೈಡನ್ನು ಬಳಸುವುದಾದರೆ ಶೇಕಡ 2.5ರ ಮೃದುವಾದ ಪ್ರಮಾಣದಿಂದ ತೊಡಗುವುದು ಲೇಸು. ಅಡಾಪಲೀನ್‌ನಂಥ ಔಷಧವನ್ನು ವೈದ್ಯರ ಮಾತಿನಂತೆ ಮೊದಮೊದಲು ದಿನ ಬಿಟ್ಟು ದಿನ, ರಾತ್ರಿಯಲ್ಲಿ, ಸ್ವಲ್ಪವೇ ಹಚ್ಚಬೇಕು. ಫಲ ಕಾಣಲು ಎರಡು ಮೂರು ತಿಂಗಳು ಬೇಕಾಗುವುದರಿಂದ ತಾಳ್ಮೆಯೂ ಈ ಚಿಕಿತ್ಸೆಯ ಒಂದು ಅಂಗವೇ. ಬೆಳ್ಳಗಾಗುವ ಆಸೆಯಿಂದಲೋ ಬೇಗ ಮಾಯುವ ಆಸೆಯಿಂದಲೋ ಸ್ಟಿರಾಯ್ಡ್ ಬೆರೆತ ಮುಲಾಮುಗಳನ್ನು ಹಚ್ಚಿದರೆ ಚರ್ಮ ತೆಳುವಾಗಿ ಮೊಡವೆಯೇ ಇಮ್ಮಡಿಯಾಗುತ್ತದೆ.

ಹಿರಿಯರ ಭಾವವನ್ನು ಉಳಿಸಿಕೊಳ್ಳಿ ಎಂದೆನೆಂದು ಅವರ ಪದಾರ್ಥಗಳನ್ನೆಲ್ಲ ಹಾಗೆಯೇ ಮುಖಕ್ಕೆ ಬಳಿಯಬೇಕೆಂದು ಯಾರೂ ತಿಳಿಯಬಾರದು. ಅರೆದ ಬೇವು, ಅರಿಶಿನ, ಕಡಲೆಹಿಟ್ಟುಗಳು ಕೆರಳುವ ಚರ್ಮವನ್ನು ಇನ್ನಷ್ಟು ಕೆರಳಿಸಬಹುದು. ಒಣಗಿದ ಕೈಕಾಲಿಗೆ ಹಿತವಾದ ಕೊಬ್ಬರಿಯೆಣ್ಣೆಯು ಮೊಡವೆಯ ಮುಖದಲ್ಲಿ ರಂಧ್ರಗಳನ್ನು ಮುಚ್ಚಬಹುದು. ಪೂರ್ವಿಕರಿಂದ ನಾವು ಪಡೆಯತಕ್ಕುದು ಅವರ ಮೃದುತ್ವವನ್ನು.

ಇಲ್ಲಿ ವೈರಾಗ್ಯದ ಕಡೆಯಿಂದ ಒಂದು ಆಕ್ಷೇಪ ಏಳುತ್ತದೆ. ಅಳಿಯುವ ದೇಹದ ಮೇಲ್ಪದರಕ್ಕೆ ಇಷ್ಟು ಉಪಚಾರವೇತಕ್ಕೆ? ಮೈ ಕಂದಿದರೇನು, ಮಿಂಚಿದರೇನು, ಅಂತರಂಗ ಶುದ್ಧವಾದ ಮೇಲೆ ಎಂಬುದು ಅಕ್ಕಮಹಾದೇವಿಯ ನಿಲುವಲ್ಲವೆ? ಹೌದು. ಆದರೆ ಅಕ್ಕನ ಆ ಮಾತು ಪರರ ನೋಟದಿಂದ ಬಿಡುಗಡೆ ಹೊಂದಿದ ಆತ್ಮದ ಮಾತು. ನೆಂಟರ ಒಂದು ಮಾತಿಗೆ ಶಾಲೆಯ ಸಮಾರಂಭವನ್ನೇ ತಪ್ಪಿಸಿಕೊಂಡು ಕೋಣೆಯಲ್ಲಿ ಅಡಗುವ ಹದಿನಾಲ್ಕರ ಮಗುವಿಗೆ ಅದನ್ನು ಉಪದೇಶಿಸಿ ಮುಲಾಮಿನ ಖರ್ಚನ್ನು ಉಳಿಸುವುದು ವೈರಾಗ್ಯವಲ್ಲ, ಉಪೇಕ್ಷೆ. ಹನ್ನೆರಡನೆಯ ಶತಮಾನದ ಅದೇ ಶರಣರ ನಡುವೆ ಬಸವಣ್ಣನವರು ತಮ್ಮ ಶರೀರವನ್ನೇ ಶಿವನ ಆಲಯವಾಗಿ ಕಂಡರು. ಈ ಎರಡು ದೃಷ್ಟಿಗಳಲ್ಲಿ ವಿರೋಧವಿಲ್ಲ. ಆಲಯವನ್ನು ಗುಡಿಸಿ ಸಾರಿಸುವವನು ಅದರ ಗೋಡೆಯ ಬಿರುಕಿನಿಂದ ದೇವರ ಮಹಿಮೆಯನ್ನು ಅಳೆಯುವುದಿಲ್ಲ. ಬಿರುಕಿದೆಯೆಂದು ಗುಡಿಸುವುದನ್ನೂ ಬಿಡುವುದಿಲ್ಲ. ಮುಖವನ್ನು ಶುಶ್ರೂಷೆ ಮಾಡುವುದೂ, ಮುಖವೇ ತಾನೆಂದು ತಿಳಿಯದಿರುವುದೂ ಏಕಕಾಲದಲ್ಲಿ ಸಾಧ್ಯ. ಹಾಗೆ ಸಾಧ್ಯವೆಂದು ಮಗುವಿಗೆ ತೋರಿಸಿಕೊಡುವುದೇ ಹಿರಿಯರ ಕರ್ತವ್ಯ.

ಮಾರಿಯಮ್ಮನ ಅನೇಕ ಗುಡಿಗಳಲ್ಲಿ ಚರ್ಮದ ಬಾಧೆಗಾಗಿ ಉಪ್ಪು ಮೆಣಸುಗಳ ಹರಕೆಯನ್ನು ಒಪ್ಪಿಸುವ ವಾಡಿಕೆಯುಂಟು. ನಂಬುವವರು ಒಪ್ಪಿಸಲಿ, ಅದರೊಡನೆ ಚರ್ಮವೈದ್ಯರ ಬಳಿಗೂ ಮಗುವನ್ನು ಕರೆದೊಯ್ಯಲಿ, ವಿಶೇಷವಾಗಿ ಗಂಟುಗಳು ಆಳವಾಗಿ ನೋಯುತ್ತಿದ್ದರೆ, ಗುಳಿಗಳು ಉಳಿಯುತ್ತಿದ್ದರೆ, ಇಲ್ಲವೆ ಮಗು ಊಟ, ಗೆಳೆತನ, ನಗುಗಳಿಂದ ಹಿಂದೆ ಸರಿಯುತ್ತಿದ್ದರೆ. ಅದಕ್ಕೂ ಮೊದಲು ಮನೆಯವರು ಮಾಡಬೇಕಾದ ಒಂದು ವ್ರತವಿದೆ, ಅದಕ್ಕೆ ಖರ್ಚಿಲ್ಲ: ಮಗುವಿನ ಮುಖದ ವಿಷಯವಾಗಿ ಮಗುವಿನ ಎದುರಿಗೆ ಟೀಕೆಯ ಒಂದು ಮಾತನ್ನೂ ಆಡದಿರುವುದು. ಮಾರಿಯಮ್ಮನು ತನ್ನ ಮಕ್ಕಳಿಗಾಗಿ ಅನ್ನವನ್ನೇ ಬಿಡುತ್ತಾಳೆಂದು ನಂಬಿ ಕೈಮುಗಿಯುವ ನಾವು, ನಮ್ಮ ಮಕ್ಕಳಿಗಾಗಿ ನಮ್ಮ ನಾಲಗೆಯ ಇಷ್ಟು ಸಣ್ಣ ಭೋಗವನ್ನು ಬಿಡಲಾರದೆ ಹೋದರೆ, ಆ ಕೈಮುಗಿತಕ್ಕೆ ಅರ್ಥವಿಲ್ಲ.